ಮೂಕ ಗಣಕವನ್ನು ಮಾತನಾಡಿಸುವ ಬಗೆ

ಆಳಂದ, ಅಫಜಲಪುರ ಅಥವಾ ಜೇವರ್ಗಿಯ ತೊಗರಿಯ ಹೊಲವೊಂದರಲ್ಲಿ ಮಣ್ಣಿನ ತೇವವನ್ನಳೆಯಲು ವಿದ್ಯಾರ್ಥಿಗಳು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಗಣಕಫಲಕವನ್ನು ಇರಿಸಿದ್ದಾರೆಂದು ಭಾವಿಸೋಣ. ಅದಕ್ಕೆ ಪರದೆಯಿಲ್ಲ. ಒಂದು ದಿನ ಅದು ಸ್ತಬ್ಧವಾದರೆ ಕಾರಣವನ್ನು ಅರಿಯುವುದೆಂತು?

ಸೀರಿಯಲ್ ಕನ್ಸೋಲನ್ನು ಮೊದಲೇ ಸಿದ್ಧಪಡಿಸಿದ್ದರೆ, ಲಿನಕ್ಸ್ ಎಚ್ಚರಗೊಳ್ಳುವಾಗ ತನ್ನ ಹೆಜ್ಜೆಗಳನ್ನು ತಂತಿಯ ಮೂಲಕ ಅಕ್ಷರರೂಪದಲ್ಲಿ ತಿಳಿಸುತ್ತದೆ. ಯುಎಸ್‌ಬಿ-ಸೀರಿಯಲ್ ಪರಿವರ್ತಕದಿಂದ ಅದನ್ನು ಬೇರೊಂದು ಗಣಕದಲ್ಲಿ ಓದಬಹುದು. ಫಲಕದ 6ನೆಯ ಪಿನ್ನು ಗ್ರೌಂಡ್; 8ನೆಯದು ಕಳುಹಿಸುವುದು; 10ನೆಯದು ಸ್ವೀಕರಿಸುವುದು. ಪರಿವರ್ತಕದ ಸಂಕೇತ 3.3 ವೋಲ್ಟಿನದೇ ಆಗಿರಬೇಕು. 5 ವೋಲ್ಟು ಫಲಕವನ್ನೇ ಕೆಡಿಸಬಹುದು.

ಏನೂ ಕಾಣಿಸದಿದ್ದರೆ, ಪರಿವರ್ತಕವನ್ನು ಫಲಕದಿಂದ ಬಿಡಿಸಿ, ಅದರ ಕಳುಹಿಸುವ ಮತ್ತು ಸ್ವೀಕರಿಸುವ ಪಿನ್ನುಗಳನ್ನು ಒಂದಕ್ಕೊಂದು ಜೋಡಿಸಿರಿ. ಒತ್ತಿದ ಅಕ್ಷರ ಮರಳಿ ಬಂದರೆ ಪರಿವರ್ತಕದಲ್ಲಿ ದೋಷವಿಲ್ಲ. ಬಳಿಕ, ಒಂದರ ಕಳುಹಿಸುವ ಪಿನ್ನು ಇನ್ನೊಂದರ ಸ್ವೀಕರಿಸುವ ಪಿನ್ನಿಗೆ ಸೇರಿದೆಯೆ, ಗ್ರೌಂಡುಗಳು ಕೂಡಿವೆಯೆ ಎಂದು ನೋಡಿರಿ.

ಅರ್ಥವಿಲ್ಲದ ಚಿಹ್ನೆಗಳು ಬಂದರೆ, ಬಹುಶಃ ವೇಗ ಹೊಂದಿಲ್ಲ. ಸೆಕೆಂಡಿಗೆ 115200 ಬಿಟ್ ಎಂದರೆ ಒಂದು ಬಿಟ್ಟಿನ ಅವಧಿ ಸುಮಾರು 8.7 ಮೈಕ್ರೊಸೆಕೆಂಡು. 9600ರ ವೇಗದಲ್ಲಿ ಆಲಿಸುವ ಗಣಕವು ಒಂದು ಬಿಟ್ಟನ್ನು ಗ್ರಹಿಸುವಷ್ಟರಲ್ಲಿ 12 ಬಿಟ್ಟುಗಳು ಸರಿದುಹೋಗಿರುತ್ತವೆ! ಓದಲು ಬಂದೂ ಬರೆಯಲು ಬಾರದಿದ್ದರೆ 10ನೆಯ ಪಿನ್ನಿನ ತಂತಿಯನ್ನು ಪರೀಕ್ಷಿಸಿರಿ.

ಮಾತು ನಡುವೆ ನಿಂತರೆ ಕೊನೆಯ ಸಾಲುಗಳನ್ನು ಬರೆದಿಟ್ಟುಕೊಳ್ಳಿರಿ. ಕೆಟ್ಟಿರುವುದು ಮೆಮೊರಿ ಕಾರ್ಡು ಮಾತ್ರವಾಗಿದ್ದರೆ ಅದರ ಸುಳಿವು ಬಹುಮಟ್ಟಿಗೆ ಅಲ್ಲಿಯೇ ದೊರೆಯುತ್ತದೆ, ಫಲಕವನ್ನು ಎಸೆಯಬೇಕಾಗಿಲ್ಲ.