ಮಳೆಗಾಲ, ಮುಪ್ಪು ಮತ್ತು ಡಿ ಜೀವಸತ್ವ

“ಡಾಕ್ಟ್ರೇ, ಕೂತರೆ ಏಳೋಕ್ಕಾಗಲ್ಲ. ವಯಸ್ಸಾಯ್ತಲ್ಲ, ಬಿಡಿ.” ಆಗಸ್ಟ್ ಕಳೆಯುವ ಹೊತ್ತಿಗೆ ಕಳಸ, ಮೂಡಿಗೆರೆ ಕಡೆಯ ಹಿರಿಯರಿಂದ ಪ್ರತಿ ವರ್ಷವೂ ಕೇಳುವ ಮಾತಿದು. ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಸರಿಯಲ್ಲ. ತೊಡೆ, ಸೊಂಟದ ಸ್ನಾಯುಗಳು ಸೋಲುವುದಕ್ಕೆ, ಮೂಳೆಗಳು ನೋಯುವುದಕ್ಕೆ ಡಿ ಜೀವಸತ್ವದ ಕೊರತೆಯೂ ಒಂದು ಕಾರಣ. ಅದೂ ಸರಿಪಡಿಸಬಹುದಾದ ಕಾರಣ.

ಹೆಸರಿಗೆ ಇದು ಜೀವಸತ್ವ. ವಾಸ್ತವವಾಗಿ ದೇಹವೇ ತಯಾರಿಸಿಕೊಳ್ಳುವ ಹಾರ್ಮೋನು. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಮೇಲೆ ಬಿದ್ದಾಗ ಹುಟ್ಟುತ್ತದೆ. ಮೊದಲು ಪಿತ್ತಜನಕಾಂಗದಲ್ಲಿ, ನಂತರ ಮೂತ್ರಪಿಂಡದಲ್ಲಿ ಬದಲಾವಣೆ ಹೊಂದಿ ಕ್ರಿಯಾಶೀಲವಾಗುತ್ತದೆ. ಆಹಾರದಲ್ಲಿನ ಸುಣ್ಣದ ಅಂಶವನ್ನು ಕರುಳು ಚೆನ್ನಾಗಿ ಹೀರಿಕೊಳ್ಳಲು ಇದು ಬೇಕೇ ಬೇಕು. ಇದಿಲ್ಲದಿದ್ದರೆ ರಾಗಿ, ಹಾಲು ಎಷ್ಟೇ ಸೇವಿಸಿದರೂ ಅದರ ಸುಣ್ಣದ ಬಹುಪಾಲು ಮೈಗೆ ಹತ್ತುವುದಿಲ್ಲ. ಆಗ ದೇಹವು ಮೂಳೆಯಲ್ಲಿರುವ ಸುಣ್ಣಕ್ಕೇ ಕೈಹಾಕುತ್ತದೆ.

ಮುಪ್ಪಿನಲ್ಲಿ ಈ ಸರಪಳಿ ಸಡಿಲವಾಗುತ್ತದೆ. ಅದೇ ಬಿಸಿಲಿನಲ್ಲಿ ಯುವಕರ ಚರ್ಮ ತಯಾರಿಸುವುದರ ಅರ್ಧದಷ್ಟನ್ನೂ ಎಪ್ಪತ್ತರ ಚರ್ಮ ತಯಾರಿಸಲಾರದು. ಮೂತ್ರಪಿಂಡದ ಶಕ್ತಿಯೂ ಕುಂದಿರುತ್ತದೆ.

ನಮ್ಮ ಮಲೆನಾಡಿನಲ್ಲಿ ಇದರ ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಕಾಫಿ ಬೆಳೆಯುವುದೇ ಸಿಲ್ವರ್ ಓಕ್, ಹಲಸಿನ ಮರಗಳ ನೆರಳಿನಲ್ಲಿ. ದುಡಿಯುವವರಿಗೆ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ. ದಿನವಿಡೀ ತೋಟದಲ್ಲಿದ್ದರೂ ಬಿಸಿಲಿನಲ್ಲಿ ಇದ್ದಂತಾಗುವುದಿಲ್ಲ.

ಎಳೆಬಿಸಿಲು ಹಿತ, ಆದರೆ ಅದರಲ್ಲಿ ಬೇಕಾದ ಕಿರಣಗಳು ತೀರ ಕಡಿಮೆ. ಸುಲಭದ ಪರೀಕ್ಷೆಯೊಂದಿದೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತೇ ಸರಿಯಾದ ಹೊತ್ತು. ಮಳೆ ಬಿಟ್ಟ ಮೇಲೆ ಅಂಗಳದಲ್ಲೋ ಕಾಫಿ ಕಣದ ಅಂಚಿನಲ್ಲೋ ಕೈಕಾಲಿಗೆ, ಬೆನ್ನಿಗೆ ಇಪ್ಪತ್ತು ಮೂವತ್ತು ನಿಮಿಷ ಬಿಸಿಲು ಬೀಳಲಿ. ಚರ್ಮ ಉರಿಯುವವರೆಗೆ ಬೇಡ. ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಕುಳಿತರೆ ಪ್ರಯೋಜನವಿಲ್ಲ. ಬಂಗುಡೆ, ಬೂತಾಯಿ, ಮೊಟ್ಟೆಯ ಹಳದಿಯಲ್ಲಿ ಡಿ ಇದೆ. ಸಸ್ಯಾಹಾರದಲ್ಲಿ ಬಹಳ ವಿರಳ.

ಹಾಗಾದರೆ ಇದು ಮುಪ್ಪನ್ನೇ ತಡೆಯುವುದೇ? ನಮ್ಮ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಸೀರೆಯ ಸೆರಗಿನ ಎಳೆ ಬಿಚ್ಚದಂತೆ ಕಟ್ಟುವ ಕುಚ್ಚಿನ ಹಾಗೆ. ಜೀವಕೋಶ ಒಡೆದು ಎರಡಾದಾಗಲೆಲ್ಲ ಇದು ಸವೆಯುತ್ತದೆ. ಅಮೆರಿಕದಲ್ಲಿ ಸುಮಾರು ಸಾವಿರ ಮಂದಿಯನ್ನು ನಾಲ್ಕು ವರ್ಷ ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 2,000 ಯೂನಿಟ್ ಡಿ ಪಡೆದವರಲ್ಲಿ ಈ ಸವಕಳಿ ಕಡಿಮೆಯಿತ್ತು. ಆದರೆ ಇದರ ಮೂಲವಾದ, ಸುಮಾರು 26,000 ಮಂದಿಯ ದೊಡ್ಡ ಪ್ರಯೋಗದಲ್ಲಿ ಹೃದಯಾಘಾತವಾಗಲಿ, ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ, ಮೂಳೆಮುರಿತವಾಗಲಿ ಕಡಿಮೆಯಾಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ. ಕೊರತೆಯಿದ್ದವರಿಗೆ ಇದು ಔಷಧಿ, ಇಲ್ಲದವರಿಗೆ ಸಂಜೀವಿನಿಯಲ್ಲ.

ಅತಿಯಾದರೆ ಅಪಾಯ. ನನ್ನ ತಪ್ಪನ್ನೇ ಹೇಳುತ್ತೇನೆ. ಅಜ್ಜಿಯೊಬ್ಬರಿಗೆ 60,000 ಯೂನಿಟ್‌ನ ಪೊಟ್ಟಣಗಳನ್ನು ವಾರಕ್ಕೊಂದರಂತೆ ಬರೆದುಕೊಟ್ಟಿದ್ದೆ. ಬಾಯಲ್ಲಿ ಬಿಡಿಸಿ ಹೇಳಿರಲಿಲ್ಲ. ಮನೆಯವರು ದಿನಕ್ಕೊಂದರಂತೆ ಕೊಟ್ಟು, ಅದೇ ಚೀಟಿ ತೋರಿಸಿ ಮತ್ತೆ ಮತ್ತೆ ತರಿಸಿದ್ದರು. ಮೂರು ತಿಂಗಳ ನಂತರ ವಾಂತಿ, ಮಲಬದ್ಧತೆ, ಮಂಕು. ರಕ್ತದಲ್ಲಿ ಸುಣ್ಣ ಮಿತಿಮೀರಿ ಮೂತ್ರಪಿಂಡ ಬಳಲಿತ್ತು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡೆವು. ಅಂದಿನಿಂದ ಚೀಟಿಯ ಮೇಲೆ ‘ಭಾನುವಾರ ಮಾತ್ರ’ ಎಂದು ದೊಡ್ಡದಾಗಿ ಬರೆದು, ಜೊತೆಯಲ್ಲಿ ಬಂದವರಿಂದ ಓದಿಸುತ್ತೇನೆ.

ಆದ್ದರಿಂದ ಹಿರಿಯರು ನೆಲದಿಂದ ಏಳಲು, ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದರೆ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಎಪ್ಪತ್ತು ದಾಟಿದವರಿಗೆ ಸಾಮಾನ್ಯವಾಗಿ ದಿನಕ್ಕೆ 800 ಯೂನಿಟ್ ಸಾಕು. ಮೂತ್ರದ ಕಲ್ಲು, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮಾತ್ರೆ ಮುಟ್ಟಬಾರದು.

ಕೊನೆಯದಾಗಿ, ಮೂಳೆ ಮುರಿಯುವುದು ಬಿದ್ದಾಗ. ಮಳೆಗಾಲದಲ್ಲಿ ಅಂಗಳದ ಪಾಚಿ ಉಜ್ಜಿಸಿ, ಬಚ್ಚಲಮನೆಗೆ ಹೋಗುವ ದಾರಿಗೆ ಅಡಿಕೆ ಸೋಗೆ ಹಾಸಿ, ರಾತ್ರಿ ಒಂದು ದೀಪ ಉರಿಯಲಿ. ಇದಕ್ಕೆ ಯಾವ ಚೀಟಿಯೂ ಬೇಡ.