ಒಂದು ಉತ್ತರಪತ್ರ, ಇಪ್ಪತ್ತು ಗಣಕಗಳು

ಗಣಕಯಂತ್ರವನ್ನು ಕೊಂಡುತಂದು ಮೇಜಿನ ಮೇಲಿರಿಸಿದ ಮಾತ್ರಕ್ಕೆ ಅದರಿಂದ ಪಾಠ ನಡೆಯುವುದಿಲ್ಲ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ತರುವುದು, ಬರೆದದ್ದನ್ನು ಡಿಸ್ಕಿನಲ್ಲಿ ಉಳಿಸುವುದು, ಒಂದೇ ಹೊತ್ತಿನಲ್ಲಿ ಹಲವು ಕೆಲಸಗಳಿಗೆ ಸರದಿ ಹಂಚುವುದು – ಇವನ್ನೆಲ್ಲ ನೋಡಿಕೊಳ್ಳಲು ಒಂದು ಆಡಳಿತ ಬೇಕು. ಆ ಆಡಳಿತಕ್ಕೆ ಕಾರ್ಯಾಚರಣ ವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಕೇರಳದ ಶಾಲೆಗಳಲ್ಲಿ ನೀವು ಬಳಸುವ ಕೈಟ್ ಗ್ನು/ಲಿನಕ್ಸ್ ಇಂತಹದೊಂದು ವ್ಯವಸ್ಥೆ. ಉಬುಂಟು ಎಂಬುದನ್ನು ಆಧಾರವಾಗಿಟ್ಟುಕೊಂಡು ಇದನ್ನು ಶಾಲೆಗಳಿಗೆಂದೇ ಸಿದ್ಧಪಡಿಸಲಾಗಿದೆ.

ಈ ವ್ಯವಸ್ಥೆಯನ್ನು ಯಂತ್ರಕ್ಕೆ ತುಂಬುವವರು ಯಾರು? ಒಂದೆರಡು ಯಂತ್ರಗಳಾದರೆ ಯಾರಾದರೂ ಕುಳಿತು ತುಂಬಬಹುದು. ನೂರಾರು ಯಂತ್ರಗಳಿದ್ದಲ್ಲಿ ಏನು ಮಾಡುತ್ತಾರೆ? ಒಂದು ಗಣಕವನ್ನು ಗುರುವಿನ ಸ್ಥಾನದಲ್ಲಿ ಕೂರಿಸಿ, ಉಳಿದ ಗಣಕಗಳು ಅದರಿಂದ ತಾವಾಗಿಯೇ ಕಲಿತುಕೊಳ್ಳುವಂತೆ ಏರ್ಪಡಿಸುತ್ತಾರೆ. ಆ ಏರ್ಪಾಡಿನ ಬಗೆಯನ್ನು ಸ್ಥೂಲವಾಗಿ ತಿಳಿಯುವುದು ಈ ಲೇಖನದ ಉದ್ದೇಶ.

ಲೆಕ್ಕವೊಂದನ್ನು ಮಾಡೋಣ

ಶಾಲೆಯೊಂದರಲ್ಲಿ 20 ಗಣಕಗಳಿವೆ ಎಂದು ಭಾವಿಸಿರಿ. ಪೆನ್‌ಡ್ರೈವ್ ಒಂದೇ ಇದೆ. ಒಂದು ಯಂತ್ರಕ್ಕೆ 40 ನಿಮಿಷ ಹಿಡಿದರೆ 20 ಯಂತ್ರಗಳಿಗೆ 800 ನಿಮಿಷ, ಅಂದರೆ 13 ಗಂಟೆ 20 ನಿಮಿಷ. ಪ್ರತಿ ಯಂತ್ರವೂ ಅವವೇ ಪ್ರಶ್ನೆಗಳನ್ನು ಕೇಳುತ್ತದೆ: ಭಾಷೆ ಯಾವುದು? ಯಾವ ದೇಶದ ಕಾಲಮಾನ? ಡಿಸ್ಕನ್ನು ಹೇಗೆ ಭಾಗಿಸಲಿ? ಬಳಕೆದಾರನ ಹೆಸರೇನು? ಉತ್ತರಿಸುವ ಮನುಷ್ಯ ಹದಿನೈದನೆಯ ಯಂತ್ರಕ್ಕೆ ಬರುವಷ್ಟರಲ್ಲಿ ದಣಿದಿರುತ್ತಾನೆ. ಎಲ್ಲೋ ಒಂದು ಕಡೆ ಬೇರೆ ಉತ್ತರ ಕೊಟ್ಟಿರುತ್ತಾನೆ. ಹೀಗಾಗಿ ಒಂದೇ ಕೊಠಡಿಯ ಯಂತ್ರಗಳು ಒಂದೊಂದು ಬಗೆಯಾಗಿಬಿಡುತ್ತವೆ.

ಈಗ ಜಾಲದ ಮೂಲಕ ತುಂಬುವ ಲೆಕ್ಕ. ಒಂದು ಯಂತ್ರಕ್ಕೆ 4 ಗಿಗಾಬೈಟ್ ಮಾಹಿತಿ ಬೇಕಾದರೆ 20 ಯಂತ್ರಗಳಿಗೆ 80 ಗಿಗಾಬೈಟ್. ಒಂದು ಬೈಟಿಗೆ 8 ಬಿಟ್‌ಗಳಾದ್ದರಿಂದ ಒಟ್ಟು 640 ಗಿಗಾಬಿಟ್. ಸರ್ವರಿಗೆ ಜೋಡಿಸಿದ ತಂತಿ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವುದಾದರೆ 640 ಸೆಕೆಂಡು, ಅಂದರೆ ಹನ್ನೊಂದು ನಿಮಿಷಕ್ಕೂ ಕಡಿಮೆ. ಅದೇ ತಂತಿ ಸೆಕೆಂಡಿಗೆ 100 ಮೆಗಾಬಿಟ್‌ನದಾದರೆ 6400 ಸೆಕೆಂಡು, ಅಂದರೆ ಸುಮಾರು ಒಂದು ಮುಕ್ಕಾಲು ಗಂಟೆ. ವಾಸ್ತವದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಆದರೂ 13 ಗಂಟೆಗಳ ದುಡಿಮೆಯೊಡನೆ ಹೋಲಿಸಿ ನೋಡಿರಿ. ಹೊಸ ಸರ್ವರ್ ಕೊಳ್ಳುವ ಮೊದಲು ತಂತಿಯನ್ನೂ ಸ್ವಿಚ್ಚನ್ನೂ ಏಕೆ ಪರೀಕ್ಷಿಸಬೇಕೆಂಬುದೂ ಈ ಲೆಕ್ಕದಿಂದ ತಿಳಿಯುತ್ತದೆ.

ಏನೂ ಅರಿಯದ ಯಂತ್ರ ದಾರಿ ಕೇಳುವ ಬಗೆ

ಡಿಸ್ಕಿನಲ್ಲಿ ಏನೂ ಇಲ್ಲದ ಯಂತ್ರ ಜಾಲದಲ್ಲಿರುವ ಸರ್ವರನ್ನು ಹುಡುಕುವುದು ಹೇಗೆ? ಜೂನ್ ತಿಂಗಳಲ್ಲಿ ಶಾಲೆಗೆ ಹೊಸದಾಗಿ ಸೇರಿದ ಮಗುವನ್ನು ನೆನೆಯಿರಿ. ಅದಕ್ಕೆ ತನ್ನ ತರಗತಿ ಯಾವುದೆಂದು ಗೊತ್ತಿಲ್ಲ. ಕಛೇರಿ ಎಲ್ಲಿದೆಯೆಂದೂ ಗೊತ್ತಿಲ್ಲ. ಅಂಗಳದಲ್ಲಿ ನಿಂತು "ನನ್ನ ಕ್ಲಾಸು ಯಾವುದು?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಉತ್ತರ ಬಲ್ಲವರು ಕರೆದು ಹೇಳುತ್ತಾರೆ.

ಯಂತ್ರವೂ ಹೀಗೆಯೇ ಮಾಡುತ್ತದೆ. ವಿದ್ಯುತ್ ಹರಿದೊಡನೆ ಅದರ ಮೂಲಫಲಕದಲ್ಲಿ ಅಡಗಿರುವ ಚಿಕ್ಕ ಕ್ರಮವಿಧಿ ಎಚ್ಚರಗೊಂಡು, ಜಾಲದ ಕಾರ್ಡಿನ ಮೂಲಕ ಎಲ್ಲರಿಗೂ ಕೇಳುವಂತೆ ಒಂದು ಕೂಗು ಹಾಕುತ್ತದೆ. ಆ ಕೂಗಿನಲ್ಲಿ ತನ್ನ ಗುರುತನ್ನೂ ಹೇಳುತ್ತದೆ. ಪ್ರತಿ ಕಾರ್ಡಿಗೂ ತಯಾರಕರು 48 ಬಿಟ್‌ಗಳ ಒಂದು ಗುರುತನ್ನು ಕೊಟ್ಟಿರುತ್ತಾರೆ. ಇದಕ್ಕೆ ಮ್ಯಾಕ್ ವಿಳಾಸವೆಂದು ಹೆಸರು. ಇದು ಶಾಲೆಯ ಅಡ್ಮಿಶನ್ ನಂಬರಿನಂತೆ. ಸೇರಿದಂದಿನಿಂದ ಬಿಡುವ ತನಕ ಒಂದೇ. ಸರ್ವರ್ ಕೊಡುವ ಐಪಿ ವಿಳಾಸವಾದರೋ ತರಗತಿಯ ಹಾಜರಿ ಸಂಖ್ಯೆಯಂತೆ. ವರ್ಷ ವರ್ಷವೂ ಬದಲಾಗಬಹುದು.

ಈ ಸಂಭಾಷಣೆಯ ನಿಯಮಗಳನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ರೂಪಿಸಿದರು. ಚಿಕ್ಕ ಕಡತಗಳನ್ನು ಸಾಗಿಸುವ ಟಿ.ಎಫ್.ಟಿ.ಪಿ. ನಿಯಮವನ್ನು 1981ರಲ್ಲಿ ಕರೆನ್ ಸೊಲಿನ್ಸ್ ಅವರು ಪ್ರಕಟಿಸಿದರು. ಡಿಸ್ಕ್ ಇಲ್ಲದ ಯಂತ್ರಗಳು ತಮ್ಮ ವಿಳಾಸವನ್ನೂ ತಾವು ತರಿಸಿಕೊಳ್ಳಬೇಕಾದ ಕಡತದ ಹೆಸರನ್ನೂ ಕೇಳಿ ಪಡೆಯುವ ಬೂಟ್‌ಪಿ ನಿಯಮವನ್ನು 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಪ್ರಕಟಿಸಿದರು. ಅದನ್ನು ವಿಸ್ತರಿಸಿ ರಾಲ್ಫ್ ಡ್ರೋಮ್ಸ್ ಅವರು 1993ರಲ್ಲಿ ಡಿ.ಎಚ್.ಸಿ.ಪಿ. ನಿಯಮವನ್ನು ನೀಡಿದರು. ಇವೆರಡನ್ನೂ ಕೂಡಿಸಿ, ಬರಿದಾದ ಯಂತ್ರ ಜಾಲದಿಂದ ಆರಂಭವಾಗುವ ಪಿ.ಎಕ್ಸ್.ಇ. ಎಂಬ ಕ್ರಮವನ್ನು ಇಂಟೆಲ್ ಸಂಸ್ಥೆ ಬೆಳೆಸಿತು, ಅದರ 2.1ನೆಯ ಆವೃತ್ತಿ 1999ರಲ್ಲಿ ಹೊರಬಂತು.

ಸರ್ವರನ್ನು ಸಜ್ಜುಗೊಳಿಸುವ ಕ್ರಮ

ಮದುವೆಯ ಊಟಕ್ಕೆ ಜನ ಕುಳಿತ ಮೇಲೆ ತೆಂಗಿನಕಾಯಿ ಹುಡುಕಲು ಹೋಗುವವರುಂಟೇ? ಹಿಂದಿನ ರಾತ್ರಿಯೇ ಎಲ್ಲವೂ ಒಲೆಯ ಬಳಿಗೆ ಬಂದಿರಬೇಕು. ಸರ್ವರಿನ ಕೆಲಸವೂ ಅಂಥದೇ.

ಮೊದಲನೆಯದಾಗಿ, ಸರ್ವರಿಗೆ ಬದಲಾಗದ ಐಪಿ ವಿಳಾಸವೊಂದನ್ನು ಕೊಡಬೇಕು. ದಾರಿ ತೋರಿಸುವವನೇ ದಿನಕ್ಕೊಂದು ಮನೆಯಲ್ಲಿದ್ದರೆ ಕೇಳಿಬಂದವರು ಎಲ್ಲಿಗೆ ಹೋಗಬೇಕು?

ಎರಡನೆಯದಾಗಿ, ಡಿ.ಎಚ್.ಸಿ.ಪಿ. ಸೇವೆಯನ್ನು ಸಿದ್ಧಪಡಿಸಬೇಕು. ಕೂಗಿದ ಯಂತ್ರಕ್ಕೆ ಇದು ಮೂರು ಸಂಗತಿಗಳನ್ನು ತಿಳಿಸುತ್ತದೆ: ನಿನ್ನ ವಿಳಾಸ ಇದು, ಕಡತವಿರುವ ಸರ್ವರ್ ಇದು, ನೀನು ಮೊದಲು ತರಿಸಿಕೊಳ್ಳಬೇಕಾದ ಕಡತದ ಹೆಸರು ಇದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಅನೇಕ ಕಡೆ ಅಂತರಜಾಲಕ್ಕಾಗಿ ಇಟ್ಟ ರೌಟರ್ ಪೆಟ್ಟಿಗೆಯೇ ವಿಳಾಸಗಳನ್ನು ಹಂಚುತ್ತಿರುತ್ತದೆ. ಅದರ ಜೊತೆಗೆ ಇನ್ನೊಬ್ಬರೂ ಹಂಚತೊಡಗಿದರೆ ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದು ಇಡೀ ಕೊಠಡಿಯ ಜಾಲ ಕೆಡಬಹುದು. ಡಿಎನ್ಎಸ್‌ಮಾಸ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಪರಿಹಾರವುಂಟು. ವಿಳಾಸ ಹಂಚುವ ಕೆಲಸವನ್ನು ರೌಟರಿಗೇ ಬಿಟ್ಟು, ಕಡತದ ವಿವರವನ್ನು ಮಾತ್ರ ತಾನು ಹೇಳುವಂತೆ ಅದನ್ನು ಅಣಿಗೊಳಿಸಬಹುದು.

ಮೂರನೆಯದಾಗಿ, ಕಡತಗಳನ್ನು ಜೋಡಿಸಿಡಬೇಕು. ಆರಂಭದ ಚಿಕ್ಕ ಕಡತಗಳು ಟಿ.ಎಫ್.ಟಿ.ಪಿ. ಮೂಲಕ ಹೋಗುತ್ತವೆ. ಮೂಲ ನಿಯಮದಂತೆ ಇದು ಒಂದು ಸಲಕ್ಕೆ 512 ಬೈಟ್ ಮಾತ್ರ ಕಳಿಸಿ, "ತಲುಪಿತು" ಎಂಬ ಉತ್ತರ ಬಂದ ಮೇಲೆಯೇ ಮುಂದಿನ ಕಂತನ್ನು ಕಳಿಸುತ್ತದೆ. 4 ಗಿಗಾಬೈಟನ್ನು ಹೀಗೆ ಕಳಿಸಬೇಕಾದರೆ 78 ಲಕ್ಷಕ್ಕೂ ಹೆಚ್ಚು ಕಂತುಗಳಾಗುತ್ತವೆ! ಆದ್ದರಿಂದ ದೊಡ್ಡ ಕಡತಗಳನ್ನು ಎಚ್.ಟಿ.ಟಿ.ಪಿ. ಮೂಲಕ ಕಳಿಸುವುದು ವಾಡಿಕೆ. ಉಬುಂಟು ಸರ್ವರ್ ಆವೃತ್ತಿಯನ್ನು ಈ ರೀತಿ ತುಂಬುವಾಗ ಅದರ ಇಡೀ ಕಡತ ಮೊದಲು ಯಂತ್ರದ ರ‍್ಯಾಮ್ ಸ್ಮೃತಿಗೆ ಬಂದು ನಿಲ್ಲುತ್ತದೆ. ಹಳೆಯ ಯಂತ್ರಗಳಲ್ಲಿ ಅಷ್ಟು ಸ್ಥಳವಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ನಾಲ್ಕನೆಯದಾಗಿ, ತಂದ ಕಡತ ಸರಿಯಾದುದೇ ಎಂದು ಪರೀಕ್ಷಿಸಬೇಕು. ಷಾ-256 ಎಂಬ ಗಣಿತಕ್ರಮವನ್ನು ಯಾವ ಕಡತಕ್ಕೆ ಅನ್ವಯಿಸಿದರೂ 64 ಸಂಕೇತಗಳ ಒಂದು ಮುದ್ರೆ ದೊರೆಯುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆ ಬೇರೆಯಾಗುತ್ತದೆ. ಪ್ರಕಾಶಕರು ಕೊಟ್ಟ ಮುದ್ರೆಯೊಡನೆ ಇದನ್ನು ಹೋಲಿಸಿ ನೋಡಬೇಕು. ಒಂದು ಯಂತ್ರಕ್ಕೆ ಕೆಟ್ಟ ಕಡತ ಹೋದರೆ ನಷ್ಟ ಒಂದೇ; ಸರ್ವರಿನಲ್ಲೇ ಕೆಟ್ಟ ಕಡತವಿದ್ದರೆ ಇಪ್ಪತ್ತೂ ಕೆಡುತ್ತವೆ.

ಉತ್ತರಪತ್ರ

ಇಷ್ಟಾದರೂ ಯಂತ್ರ ಪ್ರಶ್ನೆ ಕೇಳುವುದನ್ನು ಬಿಡುವುದಿಲ್ಲ. ಅದರ ಎಲ್ಲ ಪ್ರಶ್ನೆಗಳಿಗೂ ಮೊದಲೇ ಉತ್ತರ ಬರೆದಿಟ್ಟ ಕಡತವೊಂದು ಬೇಕು. ರೆಡ್ ಹ್ಯಾಟ್ ಪರಂಪರೆಯಲ್ಲಿ ಇದಕ್ಕೆ ಕಿಕ್‌ಸ್ಟಾರ್ಟ್, ಡೆಬಿಯನ್ ಪರಂಪರೆಯಲ್ಲಿ ಪ್ರಿಸೀಡ್ ಎಂದು ಹೆಸರು. ಉಬುಂಟು ಸರ್ವರಿನಲ್ಲಿ 2020ರ ಆವೃತ್ತಿಯಿಂದ ಆಟೋಇನ್‌ಸ್ಟಾಲ್ ಎಂಬ ಕ್ರಮ ಬಂದಿದೆ. ನಾವು ಉತ್ತರಪತ್ರ ಎನ್ನೋಣ.

ಅಂಗಡಿಗೆ ಹೋಗುವ ಮಗುವಿನ ಕೈಯಲ್ಲಿ ತಾಯಿ ಚೀಟಿ ಬರೆದು ಕೊಡುತ್ತಾಳೆ. ಚೀಟಿಯಲ್ಲಿದ್ದುದು ಮನೆಗೆ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ಉತ್ತರಪತ್ರವೂ ಹಾಗೆಯೇ. ಕಾಲಮಾನ, ಕೀಲಿಮಣೆ, ಬಳಕೆದಾರನ ಹೆಸರು, ಬೇಕಾದ ತಂತ್ರಾಂಶಗಳ ಪಟ್ಟಿ, ಕೊನೆಯಲ್ಲಿ ಮಾಡಬೇಕಾದ ಕೆಲಸಗಳು – ಎಲ್ಲವೂ ಅದರಲ್ಲಿ ಸಾಲಾಗಿ ಇರುತ್ತವೆ. ಗುಪ್ತಪದವನ್ನು ಇದ್ದಂತೆ ಬರೆಯದೆ ಸಂಕೇತರೂಪಕ್ಕೆ ತಿರುಗಿಸಿ ಬರೆಯುತ್ತಾರೆ. ಏಕೆಂದರೆ ಜಾಲದಲ್ಲಿರುವ ಯಾರಾದರೂ ಈ ಕಡತವನ್ನು ಓದಬಹುದು.

ವ್ಯಾಕರಣವನ್ನು ಕಂಡರೆ ಬೇಸರಪಡುವ ವಿದ್ಯಾರ್ಥಿಗಳೇ, ಇದನ್ನು ಗಮನಿಸಿರಿ. ಉಬುಂಟುವಿನ ಉತ್ತರಪತ್ರದಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಅರ್ಥವುಂಟು. ಎರಡು ಅಕ್ಷರದಷ್ಟು ಒಳಕ್ಕೆ ಸರಿದ ಸಾಲು ಮೇಲಿನ ಸಾಲಿಗೆ ಅಧೀನ. ಆ ಜಾಗ ತಪ್ಪಿದರೆ ಸಾಲಿನ ಸಂಬಂಧವೇ ತಪ್ಪುತ್ತದೆ. ನಾವು ಅಲ್ಪವಿರಾಮವನ್ನು ಬಿಟ್ಟರೆ ಓದುವವರು ಊಹಿಸಿಕೊಂಡು ಓದಿಯಾರು, ಯಂತ್ರಕ್ಕೆ ಊಹೆಯಿಲ್ಲ.

ಕೇಳದೆ ಅಳಿಸುವ ಯಂತ್ರ

ಉತ್ತರಪತ್ರದಲ್ಲಿ ಅತ್ಯಂತ ಜಾಗರೂಕತೆಯಿಂದ ಬರೆಯಬೇಕಾದ ಭಾಗ ಡಿಸ್ಕಿಗೆ ಸಂಬಂಧಿಸಿದ್ದು. ಹೊಸ ವ್ಯವಸ್ಥೆಗೆ ಜಾಗಮಾಡಲು ಯಂತ್ರ ಡಿಸ್ಕಿನಲ್ಲಿದ್ದ ಹಳೆಯದನ್ನು ಅಳಿಸುತ್ತದೆ. ಯಾವ ಡಿಸ್ಕೆಂದು ಬರೆಯದಿದ್ದರೆ ಉಬುಂಟು ಸರ್ವರಿನ ಅನುಸ್ಥಾಪಕ ಇದ್ದುದರಲ್ಲಿ ಅತಿ ದೊಡ್ಡ ಡಿಸ್ಕನ್ನು ಆರಿಸಿಕೊಳ್ಳುತ್ತದೆ. ಮಕ್ಕಳ ಚಿತ್ರಗಳು, ಪ್ರಬಂಧಗಳು, ಶಾಲೆಯ ದಾಖಲೆಗಳು ಇರುವುದು ಆ ದೊಡ್ಡ ಡಿಸ್ಕಿನಲ್ಲಿಯೇ ಆಗಿದ್ದರೆ? ಆದ್ದರಿಂದ ಡಿಸ್ಕನ್ನು ಅದರ ಗಾತ್ರದಿಂದಲೋ ಸರಣಿ ಸಂಖ್ಯೆಯಿಂದಲೋ ಖಚಿತವಾಗಿ ಹೆಸರಿಸಬೇಕು.

ಈ ಅನುಸ್ಥಾಪಕವನ್ನು ಮಾಡಿದವರು ಒಂದು ವಿವೇಕದ ಬೇಲಿಯನ್ನು ಇಟ್ಟಿದ್ದಾರೆ. ಉತ್ತರಪತ್ರ ದೊರೆತರೂ ಡಿಸ್ಕಿಗೆ ಬರೆಯುವ ಮೊದಲು ಅದು ಒಮ್ಮೆ "ಮುಂದುವರಿಯಲೇ?" ಎಂದು ಕೇಳುತ್ತದೆ. ಆರಂಭದ ಆಜ್ಞೆಯ ಸಾಲಿನಲ್ಲಿ ಆಟೋಇನ್‌ಸ್ಟಾಲ್ ಎಂಬ ಪದವನ್ನು ಸೇರಿಸಿದ್ದರೆ ಮಾತ್ರ ಕೇಳುವುದಿಲ್ಲ. ಮನುಷ್ಯನ ಹಂಗಿಲ್ಲದೆ ನಡೆಯುವ ಅನುಕೂಲವೂ, ಕೇಳದೆ ಅಳಿಸುವ ಅಪಾಯವೂ ಆ ಒಂದೇ ಪದದಲ್ಲಿವೆ.

ಇನ್ನೊಂದು ತೊಡಕು ಹೀಗಿದೆ. ಯಂತ್ರ ಯಾವಾಗಲೂ ಮೊದಲು ಜಾಲವನ್ನೇ ನೋಡುವಂತಿದ್ದರೆ, ಕೆಲಸ ಮುಗಿದು ಮರಳಿ ಆರಂಭವಾದಾಗ ಮತ್ತೆ ಸರ್ವರನ್ನು ಕೂಗುತ್ತದೆ. ಸರ್ವರ್ ಮತ್ತೆ ಪಾಠ ಹೇಳುತ್ತದೆ. ಹೀಗೆ ಗಾಣದ ಎತ್ತಿನ ಸುತ್ತಾಟವಾಗುತ್ತದೆ. ಆದ್ದರಿಂದ "ನಿನ್ನ ಡಿಸ್ಕಿನಿಂದಲೇ ಆರಂಭಿಸು" ಎಂಬುದನ್ನು ಸರ್ವರಿನ ಸಾಮಾನ್ಯ ಉತ್ತರವಾಗಿಟ್ಟು, ಮ್ಯಾಕ್ ವಿಳಾಸಗಳ ಪಟ್ಟಿಯಲ್ಲಿ ಇರುವ ಯಂತ್ರಗಳಿಗೆ ಮಾತ್ರ ಹೊಸ ವ್ಯವಸ್ಥೆಯನ್ನು ಕೊಡುವುದು ಒಳ್ಳೆಯ ಪದ್ಧತಿ.

ಕನ್ನಡದ ಸಾಲು

ಕನ್ನಡದ ಅಧ್ಯಾಪಕರಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಕೆಲವು ರಕ್ಷಕರಿಗೆ ಅನಿಸಬಹುದು. ಕೆಲಸವಿದೆ.

ಯುನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ಅದರ ಬೆನ್ನಿಗೇ ಮಲಯಾಳಕ್ಕೂ 128 ಸ್ಥಾನಗಳಿವೆ. ಕನ್ನಡದ 'ಕ' ಅಕ್ಷರದ ಸಂಖ್ಯೆ 3221. ಮಲಯಾಳದ 'ಕ' 3349. ವ್ಯತ್ಯಾಸ ಸರಿಯಾಗಿ 128. ಕಾಸರಗೋಡಿನಲ್ಲಿ ಒಂದೇ ಶಾಲೆಯ ಅಕ್ಕಪಕ್ಕದ ಕೊಠಡಿಗಳಲ್ಲಿ ಕಲಿಯುವ ಭಾಷೆಗಳು ಅಲ್ಲಿಯೂ ನೆರೆಮನೆಯವೇ! ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಂತೂ ಎರಡು ಭಾಷೆಗಳ 'ಕ'ಕಾರಕ್ಕೂ ಕೀಲಿ ಒಂದೇ.

ಆದರೆ ಸಂಕೇತಮಾಲೆಯಲ್ಲಿ ಸ್ಥಾನವಿದ್ದರೆ ಸಾಲದು. ಗಣಕದಲ್ಲಿ ಕನ್ನಡವನ್ನು ಸರಾಗವಾಗಿ ಬಳಸಲು ಮೂರು ಬೇಕು: ಓದಲು ಅಕ್ಷರಶೈಲಿ, ಬರೆಯಲು ಕೀಲಿಮಣೆಯ ವಿನ್ಯಾಸ, ವ್ಯವಸ್ಥೆಯ ಸೂಚನೆಗಳು ಕನ್ನಡದಲ್ಲಿ ಬರಲು ಭಾಷಾ ಕಟ್ಟು. ಅಕ್ಷರಶೈಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಬರಿಯ ಚೌಕಗಳು ಕಾಣುತ್ತವೆ. ಉಬುಂಟುವಿನ ಭಂಡಾರದಲ್ಲಿ ನವಿಲು, ಗುಬ್ಬಿ ಎಂಬ ಚಂದದ ಹೆಸರಿನ ಕನ್ನಡ ಅಕ್ಷರಶೈಲಿಗಳು ಉಚಿತವಾಗಿಯೇ ಇವೆ. ಆದರೆ ಉತ್ತರಪತ್ರದ ಪಟ್ಟಿಯಲ್ಲಿ ಅವುಗಳ ಹೆಸರನ್ನು ಬರೆದರೆ ಮಾತ್ರ ಅವು ಯಂತ್ರಕ್ಕೆ ಬರುವುದು ಖಚಿತ.

ಕೈಯಿಂದ ತುಂಬುವ ಕಾಲದಲ್ಲಿ ಒಂದು ಯಂತ್ರದಲ್ಲಿ ಕನ್ನಡ ತಪ್ಪಿದರೆ ಪಕ್ಕದ ಯಂತ್ರದಲ್ಲಿ ಇರುತ್ತಿತ್ತು. ಈಗ ಒಂದು ಸಾಲು ತಪ್ಪಿದರೆ ಎಲ್ಲ ಯಂತ್ರಗಳಲ್ಲಿಯೂ ಏಕಕಾಲಕ್ಕೆ ತಪ್ಪುತ್ತದೆ. ಅದಕ್ಕೆ ಯಾರ ದ್ವೇಷವೂ ಕಾರಣವಲ್ಲ. ಬರೆಯುವವರಿಗೆ ನೆನಪಾಗಲಿಲ್ಲ, ನೆನಪಿಸುವವರು ಹತ್ತಿರವಿರಲಿಲ್ಲ, ಅಷ್ಟೆ. ಗಡಿಯಾಚೆಯ ಕನ್ನಡಿಗರಿಗೆ ಇದು ಚಿಕ್ಕ ಮಾತಲ್ಲ. ಉತ್ತರಪತ್ರ ಬರೆಯುವವರ ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರು ಇರಬೇಕು. ಇನ್ನು ಕೆಲವು ವರ್ಷಗಳಲ್ಲಿ ಅದನ್ನು ಬರೆಯುವವರು ನಿಮ್ಮಲ್ಲೇ ಒಬ್ಬರಾಗಬೇಕು.

ಕೊನೆಯ ಮಾತು

ಎಲ್ಲ ಸಿದ್ಧವಾದ ಮೇಲೂ ಇಪ್ಪತ್ತು ಯಂತ್ರಗಳನ್ನು ಒಮ್ಮೆಲೇ ಹಚ್ಚಬಾರದು. ಮೊದಲು ಒಂದೇ ಒಂದು ಖಾಲಿ ಯಂತ್ರದಲ್ಲಿ ನಡೆಸಿ, ಕನ್ನಡದಲ್ಲಿ ಒಂದು ಪುಟ ಬರೆದು, ಉಳಿಸಿ, ಮುದ್ರಿಸಿ ನೋಡಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಆಮೇಲೆ ಉಳಿದವುಗಳ ಸರದಿ.

ಸ್ವಯಂಚಾಲನೆಯೆಂದರೆ ಮನುಷ್ಯನಿಗೆ ಕೆಲಸವಿಲ್ಲವೆಂದಲ್ಲ. ಕೈಯ ಕೆಲಸ ಕಡಿಮೆಯಾಗಿ ತಲೆಯ ಕೆಲಸ ಮುಂಚಿತವಾಗಿಯೇ ಆಗಬೇಕೆಂದು ಅರ್ಥ. ಯಂತ್ರ ನಮಗಿಂತ ವಿಧೇಯ. ಬರೆದುದನ್ನೆಲ್ಲ ಮಾಡುತ್ತದೆ, ಬರೆಯದುದನ್ನು ಮಾಡದು. ಆದುದರಿಂದ ಬರೆಯುವುದನ್ನು ಚೆನ್ನಾಗಿ ಕಲಿಯಿರಿ.

ಯೋಚಿಸಿ ಉತ್ತರಿಸಿ

1. ಮ್ಯಾಕ್ ವಿಳಾಸಕ್ಕೂ ಐಪಿ ವಿಳಾಸಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸಿರಿ.
2. ಒಂದೇ ಜಾಲದಲ್ಲಿ ವಿಳಾಸ ಹಂಚುವವರು ಇಬ್ಬರಿದ್ದರೆ ಏನಾಗಬಹುದು?
3. ಒಂದು ಯಂತ್ರಕ್ಕೆ 3 ಗಿಗಾಬೈಟ್ ಬೇಕು. ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ 15 ಯಂತ್ರಗಳಿಗೆ ಕನಿಷ್ಠ ಎಷ್ಟು ಸಮಯ ಹಿಡಿದೀತು?
4. ನಿಮ್ಮ ಶಾಲೆಯ ಗಣಕಗಳಿಗಾಗಿ ಉತ್ತರಪತ್ರದಲ್ಲಿ ಇರಲೇಬೇಕಾದ ಹತ್ತು ಸಂಗತಿಗಳನ್ನು ಪಟ್ಟಿಮಾಡಿರಿ.