ತುತ್ತು ಮಗುವಿನ ಕೈಗೇ ಕೊಡಿ

ನಡೆಯಲೂ ಮಾತಾಡಲೂ ಬಾರದ ಎಂಟು-ಹತ್ತು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಆಸ್ಪತ್ರೆ ಚೀಟಿಗಳ ಚೀಲ ಹಿಡಿದು ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸಿಗೆ ಓಡುವ ನಿಮ್ಮನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಮ್ಮೊಮ್ಮೆ ಸೆರಗು ಹಿಡಿದು ಹಿಂದೆ ಇನ್ನೊಂದು ಮಗುವೂ ಇರುತ್ತದೆ, ಅದಕ್ಕೂ ಮಾತು ಬಂದಿರುವುದಿಲ್ಲ. ನಿಮ್ಮನ್ನು ಹೊಗಳುವವರಿಗೆ ಬರವಿಲ್ಲ. ‘ತಾಯಿ ಅಂದ್ರ ಹಿಂಗಿರಬೇಕು ನೋಡ್ರಿ’ ಎನ್ನುತ್ತಾರೆ, ಸೀಟು ಮಾತ್ರ ಬಿಟ್ಟುಕೊಡುವುದಿಲ್ಲ. ನಾನು ಹೊಗಳಲು ಬಂದಿಲ್ಲ. ಸ್ವಲ್ಪ ಬೈಯಲು ಬಂದಿದ್ದೇನೆ. ಮನೆಯ ದೊಡ್ಡವ್ವ ಬೈದಳು ಎಂದುಕೊಂಡು ಕೇಳಿ.

ಮೊದಲ ಬೈಗುಳ ಊಟದ ಹೊತ್ತಿನದು. ಮಗುವಿನ ಕೈಗೆ ಶಕ್ತಿ ಇದೆ, ಬೆರಳು ಮಡಚುತ್ತದೆ, ಆದರೂ ನೀವೇ ಕಲಸಿ ನೀವೇ ತಿನ್ನಿಸುತ್ತೀರಿ. ಯಾಕೆ ಎಂದರೆ ‘ಚೆಲ್ಲತಾನರೀ, ಹೊತ್ತಾಗತೈತಿ’ ಎನ್ನುತ್ತೀರಿ. ಚೆಲ್ಲಲಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹೊಲದವರಿಗೆ ಮಾತ್ರ ಹೇಳಿದ್ದಲ್ಲ. ನೆನೆಸಿದ ರೊಟ್ಟಿಯ ಒಂದು ತುತ್ತು ಅದರ ಕೈಗಿಟ್ಟು, ನಿಮ್ಮ ಕೈಯನ್ನು ಮೊಣಕೈ ಕೆಳಗೆ ಆಸರೆಯಾಗಿ ಹಿಡಿಯಿರಿ. ಬಾಯಿಗೆ ಹೋಗುವ ಕೊನೆಯ ಗೇಣಿನ ದಾರಿ ಅದೇ ಕ್ರಮಿಸಲಿ. ಅದು ಕಲಿತ ಮೇಲೆ ಆಸರೆಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸಿ. ಅಂಗಿ ತೊಡುವುದು, ಹಲ್ಲುಜ್ಜುವುದು, ಚೊಂಬು ಎತ್ತುವುದು ಎಲ್ಲಕ್ಕೂ ಇದೇ ಕ್ರಮ. ಆರು ತಿಂಗಳು ಹಿಡಿದರೂ ಹಿಡಿಯಲಿ. ಅತಿಯಾದರೆ ಅಮೃತವೂ ವಿಷ ಎಂದು ಹೇಳುವುದು ಸುಲಭ, ತಾಯಿಯ ಪ್ರೀತಿಗೆ ಆ ಮಾತನ್ನು ಅನ್ವಯಿಸುವುದು ಕಷ್ಟ ಎಂದು ನನಗೂ ಗೊತ್ತು.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮಾತು ಬೇರೆ. ಅಲ್ಲಿ ಅವಸರ ಮಾಡಿದರೆ ಅಪಾಯ. ಮಲಗಿಸಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಗಂಜಿ ಸುರಿಯಬೇಡಿ. ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದು, ಮೇಲಿಂದ ಮೇಲೆ ಕಫ, ಜ್ವರ, ನ್ಯುಮೋನಿಯಾ ಬರುತ್ತದೆ. ನೀವು ‘ಹವಾ ಬದಲಾತು’ ಎಂದು ಸುಮ್ಮನಾಗುತ್ತೀರಿ. ಗೋಡೆಯ ಮೂಲೆಗೋ ನಿಮ್ಮ ಎದೆಗೋ ಆನಿಸಿ ನೆಟ್ಟಗೆ ಕೂಡಿಸಿ. ಗದ್ದ ತುಸು ಕೆಳಗಿರಲಿ. ತುತ್ತು ಚಿಕ್ಕದಿರಲಿ, ಒಂದು ನುಂಗಿದ ಮೇಲೇ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಫಿಟ್ಸ್ ಬಂದರೆ ಊರಿಗೆ ಊರೇ ವೈದ್ಯನಾಗುತ್ತದೆ. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಹಲ್ಲಿನ ನಡುವೆ ಚಮಚ! ಇವು ಯಾವುವೂ ಬೇಡ. ಬಾಯಿಗೆ ಏನನ್ನೂ ತುರುಕದೆ, ನೀರೂ ಕುಡಿಸದೆ, ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಗುಳಿಗೆಯನ್ನು ಡಾಕ್ಟರು ಹೇಳದೆ ನಿಲ್ಲಿಸಬೇಡಿ. ‘ಎರಡು ತಿಂಗಳಿಂದ ಬಂದಿಲ್ಲ’ ಎನ್ನುತ್ತೀರಲ್ಲ, ಗುಳಿಗೆ ತಪ್ಪದೆ ಕೊಟ್ಟಿದ್ದಕ್ಕೇ ಬಂದಿಲ್ಲ ತಾಯಿ.

ಇನ್ನು ಬರೆ. ಊದಿನಕಡ್ಡಿಯಿಂದಲೋ ಕಾಸಿದ ಸೂಜಿಯಿಂದಲೋ ಎಳೆಗೂಸಿನ ಹೊಟ್ಟೆಗೆ ಚುರುಕು ಮುಟ್ಟಿಸುವ ಪದ್ಧತಿ ನಮ್ಮ ಕಡೆ ಇನ್ನೂ ಸತ್ತಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜ್ ಸುಲ್ತಾನಪುರದಲ್ಲಿ ವಿಕಲಚೇತನ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದನ್ನು ಟೀವಿಯಲ್ಲಿ ನೀವೂ ನೋಡಿರಬೇಕು. ಅಂಗ ಸರಿಹೋಗುತ್ತದೆ ಎಂಬ ನಂಬಿಕೆಯಂತೆ. ಆ ತಾಯಂದಿರನ್ನು ನಾನು ಹೀಯಾಳಿಸುವುದಿಲ್ಲ. ಯಾರೂ ಸರಿಯಾದ ದಾರಿ ತೋರಿಸದಿದ್ದಾಗ ತಾಯಿ ತಪ್ಪು ದಾರಿಯಲ್ಲಾದರೂ ಓಡುತ್ತಾಳೆ. ಹುಲಿಗೆಮ್ಮನಿಗೆ ಹರಕೆ ಹೊರಿ, ಅಂಜನಾದ್ರಿಯ ಮೆಟ್ಟಿಲು ಹತ್ತಿ, ಬೇಡ ಎನ್ನುವುದಿಲ್ಲ. ಆದರೆ ಆಸ್ಪತ್ರೆಯ ತಾರೀಖು ತಪ್ಪಿಸಿ ಹೋಗಬೇಡಿ.

ತಾರೀಖು ಎಂದಾಗ ನೆನಪಾಯಿತು, ನೀವು ತುಂಬಾ ತಡ ಮಾಡುತ್ತೀರಿ. ಆರು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಪಾತ್ರೆ ಬಿದ್ದ ಸದ್ದಿಗೂ ಬೆಚ್ಚದಿದ್ದರೆ ಕಾಯಬಾರದು. ‘ಅವರಪ್ಪನೂ ತಡವಾಗೇ ಮಾತಾಡಿದ್ದ’ ಎಂದು ಅತ್ತೆ ಹೇಳುತ್ತಾರೆ, ನೀವು ಎರಡು ವರ್ಷ ಕೂರುತ್ತೀರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಕಿವಿ ಕೇಳದ ಮಗುವಿಗೆ ಮಾತು ಕಲಿಯುವ ಹದ ಮೊದಲ ಕೆಲವು ವರ್ಷಗಳಲ್ಲೇ ಇರುತ್ತದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಮಕ್ಕಳ ಆರೋಗ್ಯ ತಪಾಸಣೆಗೆ ಆರ್‌ಬಿಎಸ್‌ಕೆ ತಂಡದ ಡಾಕ್ಟರು ಬರುತ್ತಾರೆ. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ, ಎತ್ತಿಕೊಂಡು ಹೋಗಿ ಮುಂದೆ ಕೂಡಿಸಿ.

ಮೈಸೂರಿನ ಬೋಗಾದಿಯಲ್ಲಿ ಕಿವುಡು ಮಕ್ಕಳ ಪೋಷಕರ ಸಂಘದ ಒಂದು ಶಾಲೆ ಇದೆ. ಅಲ್ಲಿ ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂರುತ್ತಾಳೆ, ತಾಯಿಯೇ ಮಗುವಿಗೆ ಟೀಚರು. ಅದೇ ಊರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ತಾಯಂದಿರಿಗೆ ತರಬೇತಿ ಉಂಟು. ಗಂಗಾವತಿಯಿಂದ ಮೈಸೂರು ದೂರ ಎಂದು ಗೊತ್ತು. ಆದರೂ ಹೇಳುತ್ತೇನೆ, ಗುಳೆ ಹೋಗಿ ಮಂಗಳೂರು, ಬೆಂಗಳೂರು ಕಾಣುವ ನಾವು ಕೂಲಿಗಾಗಿ ಅಷ್ಟು ದೂರ ಹೋಗುತ್ತೇವೆ, ಮಗುವಿನ ಮಾತಿಗಾಗಿ ಒಮ್ಮೆ ಹೋಗಿ ತೋರಿಸಿಕೊಂಡು ಬಂದರೆ ತಪ್ಪಲ್ಲ.

ನಿಮ್ಮಂಥ ತಾಯಿ ಈ ಸೀಮೆಗೆ ಹೊಸಬಳೇನಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ನೀಲಮ್ಮನವರಿಗೆ ಹುಟ್ಟಿದ ಇಬ್ಬರು ಗಂಡು ಮಕ್ಕಳಿಗೂ ಕಣ್ಣಿರಲಿಲ್ಲ. 1892ರಲ್ಲಿ ಹುಟ್ಟಿದ ಕಿರಿಯವನ ಹೆಸರು ಗದಿಗೆಯ್ಯ, ಹಿರಿಯವನು ಗುರುಬಸಯ್ಯ. ಆ ಕಾಲದಲ್ಲಿ ಶಾಲೆಯಿಲ್ಲ, ಪಿಂಚಣಿಯಿಲ್ಲ, ಕಾರ್ಡೂ ಇಲ್ಲ. ಆ ಹುಡುಗರ ಕಂಠ ಗುರುತಿಸಿ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಮಕ್ಕಳು ಮನೆ ಬಿಟ್ಟು ಕಲಿಯಲು ಹೋದರು. ಗದಿಗೆಯ್ಯನೇ ಮುಂದೆ ಗದುಗಿನ ಪಂಚಾಕ್ಷರಿ ಗವಾಯಿಗಳು. ಅವರ ಆಶ್ರಮದಲ್ಲಿ ಬೆಳೆದ, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ನಿಮ್ಮ ಮಗು ಗವಾಯಿ ಆಗಬೇಕೆಂದು ನಾನು ಹೇಳುತ್ತಿಲ್ಲ, ಎಲ್ಲ ಮಕ್ಕಳೂ ಪದ್ಮಭೂಷಣರಾಗುವುದಿಲ್ಲ, ಕಣ್ಣಿರುವವರೂ ಆಗುವುದಿಲ್ಲ. ನಾನು ಯೋಚಿಸುವುದು ಕಣ್ಣಿಲ್ಲದ ಮಕ್ಕಳನ್ನು ಹೊಸ್ತಿಲು ದಾಟಿಸಿದ ಆ ಮನೆಯ ಬಗ್ಗೆ. ನಾವಾಗಿದ್ದರೆ ಬಿಡುತ್ತಿದ್ದೆವೇ? ನಿಮ್ಮ ಮಗುವನ್ನು ನೀವು ಪಕ್ಕದ ಓಣಿಯ ಶಾಲೆಗೂ ಬಿಡುತ್ತಿಲ್ಲ. ಬಿಇಒ ಕಚೇರಿಯಲ್ಲಿ ಇಂಥ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಶಿಕ್ಷಕರು ಎಂದು ಇರುತ್ತಾರೆ, ಹೋಗಿ ಕೇಳಿ. ಏಳಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣವೂ ಇದೆ. 18 ವರ್ಷದವರೆಗೆ ಉಚಿತ ಶಿಕ್ಷಣ ಅದರ ಹಕ್ಕು, 2016ರ ವಿಕಲಚೇತನರ ಹಕ್ಕುಗಳ ಕಾನೂನೇ ಹಾಗೆ ಹೇಳುತ್ತದೆ.

ಕಾಗದಪತ್ರದ ವಿಷಯದಲ್ಲಿ ನಿಮ್ಮ ಸಂಕೋಚ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ‘ಯಾರ ಮುಂದ ಕೈ ಚಾಚೂದರೀ’ ಎನ್ನುತ್ತೀರಿ. ಇದು ಭಿಕ್ಷೆ ಅಲ್ಲ. ಅಳದ ಕೂಸಿಗೆ ಹಾಲಿಲ್ಲ ಎಂಬುದು ಕಚೇರಿಗಳಿಗೆಂದೇ ಹುಟ್ಟಿದ ಗಾದೆ. ನಿಮ್ಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಎಂದು ಒಬ್ಬರಿದ್ದಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ವಿಕಲಚೇತನರೇ, ನಿಮ್ಮ ಕಷ್ಟ ಅವರಿಗೆ ವಿವರಿಸಬೇಕಾಗಿಲ್ಲ. ಅವರ ಮೂಲಕ ವಿಕಲಚೇತನರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಅರ್ಜಿ ಹಾಕಿ. ಆ ಕಾರ್ಡೊಂದಿದ್ದರೆ ಮಾಸಾಶನ, ಮಗುವಿನ ಬಸ್ ಪಾಸು, ಸಲಕರಣೆ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ನಿಮ್ಮ ಟಿಕೆಟ್ಟು ಹೇಗೂ 2023ರ ಶಕ್ತಿ ಯೋಜನೆಯಿಂದ ಉಚಿತ. ಬುದ್ಧಿ ಬೆಳವಣಿಗೆ ಕುಂಠಿತವಾದ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ನಿರಾಮಯ ವಿಮೆ ಮಾಡಿಸಿ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಅದಕ್ಕಿದೆ. ಚೀಟಿಗಳ ಎರಡೆರಡು ಝೆರಾಕ್ಸ್ ತೆಗೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಇಲಿ ಮುಟ್ಟದ ಕಡೆ ಇಡಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ. ಶಿಬಿರದಲ್ಲಿ ಗಾಲಿಕುರ್ಚಿ ಕೊಟ್ಟರೆ ಮಗುವನ್ನು ಅಲ್ಲೇ ಕೂಡಿಸಿ ಅಳತೆ ನೋಡಿ. ಅಳತೆ ಸರಿಯಿಲ್ಲದ ಕುರ್ಚಿಗಳು ಮನೆಯ ಮೂಲೆಯಲ್ಲಿ ಜೋಳದ ಚೀಲ ಹೊತ್ತು ನಿಂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮಗುವಿಗೆ 18 ತುಂಬಿದ ಕೂಡಲೇ ಇನ್ನೊಂದು ಕೆಲಸ. ತನ್ನ ವ್ಯವಹಾರ ತಾನು ನೋಡಿಕೊಳ್ಳಲಾಗದ ಮಗುವಿಗೆ ವಯಸ್ಸಿಗೆ ಬಂದ ಮೇಲೆ ಕಾನೂನುಬದ್ಧ ಪಾಲಕರು ಬೇಕು. ಹೆತ್ತವರು ಎಂಬ ಕಾರಣಕ್ಕೆ ನೀವು ತಾನಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಆ ಪತ್ರ ಕೊಡುತ್ತದೆ. ‘ನಾ ಸತ್ತ ಮ್ಯಾಲೆ ಯಾರು’ ಎಂದು ರಾತ್ರಿ ನಿದ್ದೆಗೆಟ್ಟು ಅಳುವ ಬದಲು ಹಗಲು ಈ ಅರ್ಜಿ ಹಾಕಿ.

ನೀರಿನ ಬಗ್ಗೆ ಒಂದು ಮಾತು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಬೆಳೆಯುವ ಮಕ್ಕಳ ಹಲ್ಲು ಮೂಳೆಗೆ ಕೆಡುಕು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದಿಂದಲೇ ತನ್ನಿ. ಹುಟ್ಟಲಿರುವ ಕೂಸಿನ ಬಗ್ಗೆಯೂ ಒಂದು ಮಾತು: ಮುಂದಿನ ಬಸಿರಿಗೆ ಮೊದಲು ಡಾಕ್ಟರನ್ನು ಕಂಡು ಫೋಲಿಕ್ ಆಸಿಡ್ ಗುಳಿಗೆ ಶುರು ಮಾಡಿ. ಕಳ್ಳುಬಳ್ಳಿ ಬಿಡಬಾರದೆಂದು ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ರೂಢಿಯಲ್ಲಿ ಕೆಲವು ವಂಶವಾಹಿ ಕಾಯಿಲೆಗಳು ಒಂದೇ ಮನೆಯಲ್ಲಿ ಎರಡು ಮೂರು ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಆದದ್ದು ಆಯಿತು, ನಿಮ್ಮ ಮಗಳಿಗಾದರೂ ಹೊರಗಿನ ಸಂಬಂಧ ನೋಡಿ. ‘ನಿನ್ನ ಹೊಟ್ಟಿಯಾಗ ಹುಟ್ಟಿದ್ದು’ ಎಂದು ಯಾರಾದರೂ ಚುಚ್ಚಿದರೆ, ಇಂಥ ಕಾಯಿಲೆಯ ಬೀಜ ಹೆಚ್ಚಾಗಿ ಗಂಡ ಹೆಂಡತಿ ಇಬ್ಬರಿಂದಲೂ ಬರುತ್ತದೆ ಎಂದು ನನ್ನ ಹೆಸರು ಹೇಳಿ ಉತ್ತರ ಕೊಡಿ.

ದೊಡ್ಡ ಮಗಳನ್ನು ಶಾಲೆ ಬಿಡಿಸಿ ತಮ್ಮನ ಕಾವಲಿಗೆ ಕೂಡಿಸಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅವಳೂ ನಿಮ್ಮದೇ ಮಗು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ವಾರಕ್ಕೆ ಎರಡು ತಾಸು ಅತ್ತೆಗೆ, ನಾದಿನಿಗೆ, ನೆರೆಯವರಿಗೆ ಮಗುವನ್ನು ಒಪ್ಪಿಸಿ. ಅವರು ನಿಮ್ಮಷ್ಟು ಚೆನ್ನಾಗಿ ನೋಡುವುದಿಲ್ಲ, ನಿಜ. ನೋಡುತ್ತ ನೋಡುತ್ತ ಕಲಿಯುತ್ತಾರೆ. ಗಂಡನಿಗೆ ಮಗುವಿನ ಸ್ನಾನ ಕಲಿಸಿ, ಅದಕ್ಕೇನೂ ಡಿಗ್ರಿ ಬೇಕಿಲ್ಲ. ಮಗುವನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ, ಮಗುವನ್ನು ಎದೆಗೆ ಒತ್ತಿಕೊಂಡು ಏಳಿ. ನಿಮ್ಮ ಬೆನ್ನು ಹೋದರೆ ಇಬ್ಬರೂ ಮಲಗಬೇಕಾಗುತ್ತದೆ.

ಜಾತ್ರೆ, ಮದುವೆಗಳಿಗೂ ಕರೆದುಕೊಂಡು ಹೋಗಿ. ಮಂದಿ ನೋಡುತ್ತಾರೆ, ನೋಡಲಿ. ಊರ ಬಾಯಿ ಮುಚ್ಚಲಾಗದು. 2025ರ ಜನವರಿಯ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಮಠದವರು ವಿಕಲಚೇತನರ ವಿಷಯವನ್ನೇ ಜಾಗೃತಿಗೆ ಆರಿಸಿಕೊಂಡಿದ್ದರು. ಮಠವೇ ಕರೆದು ಮುಂದೆ ನಿಲ್ಲಿಸಿದ ಮೇಲೆ ನಿಮ್ಮ ಮನೆಯ ಕದ ಇನ್ನೂ ಯಾಕೆ ಮುಚ್ಚಿರಬೇಕು?

ನಾಳೆ ಬೆಳಗ್ಗೆ ರೊಟ್ಟಿ ಬಡಿಯಲು ಕೂತಾಗ ಮಗುವನ್ನು ಒಲೆಯಿಂದ ದೂರ, ನಿಮ್ಮ ಕಣ್ಣಳತೆಯಲ್ಲಿ ಗೋಡೆಗಾನಿಸಿ ಕೂಡಿಸಿ. ನಾದಿದ ಹಿಟ್ಟಿನ ಒಂದು ಉಂಡೆ ಅದರ ಕೈಗೆ ಕೊಡಿ. ಹಿಚುಕಲಿ, ಉರುಟಿಸಲಿ, ಮೂಗಿಗೆ ಮೆತ್ತಿಕೊಳ್ಳಲಿ. ನೆಲವೆಲ್ಲ ಹಿಟ್ಟಾಗುತ್ತದೆ. ಆಮೇಲೆ ಒರೆಸಿದರಾಯಿತು.